ಕಾಣದ ದೊಡ್ಡಜ್ಜಿ ಕೊಟ್ಟ ಹೆಸರು



ನಿಮ್ಮ ಮನೆಯ ಗೋಡೆಯ ಮೇಲೆ ತೂಗುಹಾಕಿರುವ ಹಳೆಯ ಮದುವೆಯ ಫೋಟೋವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ನಡುವೆ ಅಜ್ಜ, ಅಜ್ಜಿ ಕುಳಿತಿರುತ್ತಾರೆ. ಅವರ ಸುತ್ತಲೂ ಮಕ್ಕಳು, ಸೊಸೆಯಂದಿರು, ಅಳಿಯಂದಿರು. ಒಂದು ತುದಿಯಲ್ಲಿ ಯಾರದೋ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಒಬ್ಬ ಹೆಂಗಸು ನಿಂತಿರುತ್ತಾಳೆ. ಇವರು ಯಾರು ಎಂದು ಮಕ್ಕಳು ಕೇಳಿದರೆ, ಅಜ್ಜಿಯ ಅಕ್ಕ ಎಂದೋ ಅಜ್ಜನ ತಂಗಿ ಎಂದೋ ಹೇಳಿ ನಾವು ಸುಮ್ಮನಾಗುತ್ತೇವೆ. ಆಕೆಯ ಹೆಸರು ನಮಗೇ ಸರಿಯಾಗಿ ನೆನಪಿರುವುದಿಲ್ಲ. ವಂಶವೃಕ್ಷ ಬರೆಯುವಾಗಲೂ ಆಕೆಯ ಹೆಸರಿನ ಕೆಳಗೆ ಕೊಂಬೆಗಳಿರುವುದಿಲ್ಲ. ಆದರೆ ತಾಯಿ ಕಾಯಿಲೆ ಬಿದ್ದಾಗ ತೊಟ್ಟಿಲು ತೂಗಿದವಳು, ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದವಳು ಹೆಚ್ಚಿನ ಮನೆಗಳಲ್ಲಿ ಅವಳೇ.

ಧರ್ಮಸಭೆಯ ಸಂತರ ಸಾಲಿನಲ್ಲಿಯೂ ಅಂಥ ಒಬ್ಬ ದೊಡ್ಡಜ್ಜಿ ಇದ್ದಾಳೆ. ಅವಳೇ ಹಂಗೇರಿಯ ಸಂತ ಎಲಿಜಬೆತ್. ಕೂದಲು ನರೆಯುವ ವಯಸ್ಸಿಗೆ ಆಕೆ ಬರಲೇ ಇಲ್ಲ. 24ನೆಯ ವಯಸ್ಸಿಗೇ ದೇವರ ಪಾದ ಸೇರಿದಳು. ತನ್ನ ಹೆಸರು ಹೊತ್ತು ಬೆಳೆದ ಮೊಮ್ಮಗಳ ಮುಖವನ್ನು ಆಕೆ ನೋಡಿದವಳಲ್ಲ. ಆದರೂ ಆ ಮೊಮ್ಮಗಳನ್ನು ರೂಪಿಸಿದವರಲ್ಲಿ ಆಕೆಯೂ ಒಬ್ಬಳು. ಅದು ಹೇಗೆಂಬುದನ್ನು ಈ ವಾರ ನೋಡೋಣ.

ನಾಲ್ಕು ವರ್ಷದ ಸೊಸೆ

ಎಲಿಜಬೆತ್ ಹುಟ್ಟಿದ್ದು 1207ರಲ್ಲಿ. ತಂದೆ ಹಂಗೇರಿಯ ದೊರೆ ಎರಡನೆಯ ಆಂಡ್ರ್ಯೂ. ತಾಯಿ ರಾಣಿ ಗೆರ್ಟ್ರೂಡ್. ಅಂದಿನ ಅರಮನೆಗಳಲ್ಲಿ ಹೆಣ್ಣುಮಗುವೆಂದರೆ ಎರಡು ರಾಜ್ಯಗಳ ನಡುವಿನ ಒಪ್ಪಂದಕ್ಕೆ ಹಾಕುವ ಮುದ್ರೆ. 1211ರಲ್ಲಿ, ಇನ್ನೂ ನಾಲ್ಕು ವರ್ಷದ ಈ ಮಗುವನ್ನು ಜರ್ಮನಿಯ ಥುರಿಂಗಿಯ ಪ್ರಾಂತ್ಯದ ಒಡೆಯನ ಮನೆಗೆ, ಮುಂದೆ ಸೊಸೆಯಾಗಬೇಕಾದವಳೆಂದು ಕಳುಹಿಸಿಕೊಟ್ಟರು. ಐಸೆನಾಖ್ ಪಟ್ಟಣದ ಮೇಲಿನ ಗುಡ್ಡದಲ್ಲಿರುವ ವಾರ್ಟ್‌ಬುರ್ಗ್ ಕೋಟೆ ಆಕೆಯ ಮನೆಯಾಯಿತು.

ಎರಡು ವರ್ಷ ಕಳೆಯುವುದರೊಳಗೆ, 1213ರಲ್ಲಿ, ಹಂಗೇರಿಯಿಂದ ಕೆಟ್ಟ ಸುದ್ದಿ ಬಂತು. ರಾಣಿ ಗೆರ್ಟ್ರೂಡಳನ್ನು ಅಲ್ಲಿನ ಶ್ರೀಮಂತರೇ ಕೊಂದಿದ್ದರು. ಆರು ವರ್ಷದ ಮಗುವಿಗೆ ತಾಯಿಯ ಮಡಿಲೂ ಇಲ್ಲ, ತಾಯ್ನಾಡೂ ಇಲ್ಲ. ಮುಂದೆ ಅತ್ತೆಯಾಗಲಿದ್ದ ಸೋಫಿಯಾಳ ಆಸರೆಯಲ್ಲಿ, ಆ ಮನೆಯ ಮಕ್ಕಳ ಜೊತೆಯಲ್ಲಿ ಆಕೆ ಬೆಳೆದಳು. ಆಟದ ನಡುವೆ ನೆಪ ಮಾಡಿಕೊಂಡು ಕೋಟೆಯ ಪ್ರಾರ್ಥನಾಲಯಕ್ಕೆ ಓಡುತ್ತಿದ್ದಳೆಂದು ಬಾಲ್ಯದಿಂದಲೇ ಜೊತೆಗಿದ್ದ ಗುಡಾ ಎಂಬ ಗೆಳತಿ ಮುಂದೆ ಸಾಕ್ಷ್ಯ ನುಡಿದಿದ್ದಾಳೆ.

1221ರಲ್ಲಿ ಮದುವೆಯಾಯಿತು. ವಧುವಿಗೆ 14 ವರ್ಷ, ವರ ಲುಡ್ವಿಗನಿಗೆ 21. ರಾಜಕೀಯಕ್ಕಾಗಿ ಕೂಡಿಸಿದ ಜೋಡಿಯಾದರೂ ಅವರಿಬ್ಬರ ಪ್ರೀತಿ ನಿಜವಾದದ್ದು. ಹೆರ್ಮನ್, ಸೋಫಿಯಾ, ಗೆರ್ಟ್ರೂಡ್ ಎಂಬ ಮೂವರು ಮಕ್ಕಳನ್ನು ದೇವರು ಅವರಿಗೆ ಕೊಟ್ಟನು. ಬಡರೈತರಿಂದ ಅನ್ಯಾಯವಾಗಿ ಕಿತ್ತು ತಂದ ದವಸಧಾನ್ಯದಿಂದ ಮಾಡಿದ ಅಡುಗೆಯನ್ನು ಎಲಿಜಬೆತಳು ಮುಟ್ಟುತ್ತಿರಲಿಲ್ಲ. ಊಟಕ್ಕೆ ಕುಳಿತಾಗ, ಈ ತಿಂಡಿ ಎಲ್ಲಿಂದ ಬಂತು ಎಂದು ವಿಚಾರಿಸುವಳು. ಉತ್ತರ ಸರಿಬರದಿದ್ದರೆ ತುಂಬಿದ ಪಂಕ್ತಿಯಲ್ಲಿಯೂ ಹಸಿದೇ ಏಳುವಳು. ಲುಡ್ವಿಗನು ಇದನ್ನು ತಡೆಯಲಿಲ್ಲ.

ಕೋಟೆಯ ಕೆಳಗಿನ ಆಸ್ಪತ್ರೆ

1226ರಲ್ಲಿ ಭೀಕರ ಕ್ಷಾಮ ಬಂತು. ಲುಡ್ವಿಗನು ಚಕ್ರವರ್ತಿಯ ಕರೆಯ ಮೇಲೆ ಇಟಲಿಗೆ ಹೋಗಿದ್ದನು. 19 ವರ್ಷದ ಎಲಿಜಬೆತಳು ಗಂಡನ ದಾರಿ ಕಾಯುತ್ತ ಕೂರಲಿಲ್ಲ. ಕಣಜಗಳನ್ನು ತೆರೆಸಿದಳು. ಒಡವೆ, ರೇಷ್ಮೆಗಳನ್ನು ಮಾರಿಸಿದಳು. ಗುಡ್ಡದ ಬುಡದಲ್ಲಿ 28 ಹಾಸಿಗೆಗಳ ಆಸ್ಪತ್ರೆಯನ್ನು ಕಟ್ಟಿಸಿ ದಿನವೂ ಕೋಟೆಯಿಂದ ಇಳಿದು ಬಂದು ತನ್ನ ಕೈಯಿಂದಲೇ ರೋಗಿಗಳ ಆರೈಕೆ ಮಾಡಿದಳು. ಹೊಸ ಬೆಳೆ ಬಂದಾಗ ದುಡಿಯುವ ಶಕ್ತಿಯಿದ್ದವರಿಗೆ ಅಂಗಿಯನ್ನೂ, ಕೊಯ್ದ ಹೊಲದ ಕೂಳೆ ಚುಚ್ಚದಂತೆ ಕಾಲಿಗೆ ಜೋಡುಗಳನ್ನೂ, ಕೈಗೆ ಕುಡುಗೋಲನ್ನೂ ಕೊಟ್ಟು ಕಳುಹಿಸಿದಳು. ಬಡವರು ಕೈಚಾಚಿಯೇ ಇರಬೇಕೆಂಬುದು ಆಕೆಯ ಬಯಕೆಯಾಗಿರಲಿಲ್ಲ.

ಓದುಗರೇ, ಆ ಆಸ್ಪತ್ರೆಯಲ್ಲಿ ಮಕ್ಕಳೂ ಇದ್ದರು. ಕಾಯಿಲೆಯ, ಕುರೂಪಿಗಳಾದ, ಯಾರಿಗೂ ಬೇಡವಾದ ಮಕ್ಕಳು. ಅವರೆಲ್ಲರೂ ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಆಕೆ ಒಳಗೆ ಬಂದೊಡನೆ ಸುತ್ತ ಮುತ್ತಿಕೊಳ್ಳುತ್ತಿದ್ದರು. ಪಟ್ಟಣದಿಂದ ಬರುವಾಗ ಅವರಿಗಾಗಿ ಪುಟ್ಟ ಮಡಕೆಗಳು, ಗಾಜಿನ ಉಂಗುರಗಳು, ಆಟದ ಸಾಮಾನುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತರುತ್ತಿದ್ದಳಂತೆ. ಬಡವರ ಕೂಸುಗಳಿಗೆ ತಾನೇ ಬಟ್ಟೆ ಹೊಲಿದು, ದೀಕ್ಷಾಸ್ನಾನ ಕೊಡಿಸಿ, ಜ್ಞಾನತಾಯಿಯಾಗಿ ನಿಲ್ಲುತ್ತಿದ್ದಳು. ಜ್ಞಾನತಾಯಿಯಾದರೆ ಆ ಮಗುವಿಗೆ ಕೊಡುವುದು ದಾನವಾಗುವುದಿಲ್ಲ, ಸಂಬಂಧದ ಹಕ್ಕಾಗುತ್ತದೆ ಎಂಬುದು ಆಕೆಯ ಲೆಕ್ಕ. ಹೆತ್ತ ಮೂವರ ಜೊತೆಗೆ ಹೆರದ ಎಷ್ಟೋ ಮಕ್ಕಳಿಗೆ ಆಕೆ ತಾಯಿಯಾದದ್ದು ಹೀಗೆ.

ಬಡವರಿಗೆಂದು ಮುಚ್ಚಿಕೊಂಡು ಒಯ್ಯುತ್ತಿದ್ದ ರೊಟ್ಟಿಗಳು ಗುಲಾಬಿಗಳಾಗಿ ಕಂಡವು ಎಂಬ ಕತೆಯನ್ನು ನೀವೆಲ್ಲ ಕೇಳಿದ್ದೀರಿ. ಆಕೆಯ ಸೇವಕಿಯರು ಕೊಟ್ಟ ಸಾಕ್ಷ್ಯದಲ್ಲಿ ಈ ಕತೆ ಇಲ್ಲ; ಅದು ನಂತರ ಬೆಳೆದು ಬಂದದ್ದು. ಅದನ್ನು ನೆನಪಿಟ್ಟುಕೊಳ್ಳಿ, ಆ ಗುಲಾಬಿಗಳು ಮತ್ತೊಮ್ಮೆ ಬರುತ್ತವೆ.

ತಾಯಿಯ ಸೋದರಿ ತೆರೆದ ಬಾಗಿಲು

1227ರಲ್ಲಿ ಲುಡ್ವಿಗನು ಚಕ್ರವರ್ತಿ ಫ್ರೆಡ್ರಿಕ್‌ನ ಜೊತೆ ಧರ್ಮಯುದ್ಧಕ್ಕೆ ಹೊರಟನು. ಪವಿತ್ರ ನಾಡನ್ನು ಅವನು ಕಾಣಲಿಲ್ಲ. ಸೆಪ್ಟೆಂಬರ್ 11ರಂದು ಇಟಲಿಯ ಒಟ್ರಾಂಟೊ ಬಂದರಿನಲ್ಲಿ ಜ್ವರದಿಂದ ತೀರಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಎಲಿಜಬೆತಳಿಗೆ ಮೂರನೆಯ ಮಗು ಗೆರ್ಟ್ರೂಡ್ ಹುಟ್ಟಿತು. ಇಪ್ಪತ್ತರ ಬಾಣಂತಿ, ವಿಧವೆ.

ಅಧಿಕಾರ ಮೈದುನ ಹೈನ್ರಿಖನ ಕೈಗೆ ಹೋಯಿತು. ಆಕೆಯನ್ನು ಕೋಟೆಯಿಂದ ಹೊರಹಾಕಿದರೆಂದು ಕೆಲವರೂ, ಅನ್ಯಾಯದ ಅನ್ನ ಬೇಡವೆಂದು ತಾನೇ ಹೊರಟಳೆಂದು ಕೆಲವರೂ ಬರೆದಿದ್ದಾರೆ. ಹೇಗೇ ಆಗಲಿ, ಆ ಚಳಿಗಾಲದಲ್ಲಿ ಆಕೆ ಬೀದಿಗೆ ಬಂದದ್ದು ನಿಜ. ಮೊದಲ ರಾತ್ರಿ ತಂಗಿದ್ದು ಹಂದಿಗಳನ್ನು ಕಟ್ಟುತ್ತಿದ್ದ ಒಂದು ಕೊಟ್ಟಿಗೆಯಲ್ಲಿ. ನಡುರಾತ್ರಿಯಲ್ಲಿ ಫ್ರಾನ್ಸಿಸ್ಕನ್ ಸಹೋದರರ ಬಳಿ ಹೋಗಿ ದೇವರಿಗೆ ಕೃತಜ್ಞತಾಸ್ತುತಿ ಹಾಡಬೇಕೆಂದು ಬೇಡಿಕೊಂಡಳು. ಮರುದಿನ ಮಕ್ಕಳನ್ನು ಆಕೆಯ ಬಳಿಗೆ ತಂದರು. ಆಕೆಯಿಂದ ನೆರವು ಪಡೆದ ಊರಿನಲ್ಲೇ ಆಕೆಗೆ ಒಂದು ಸರಿಯಾದ ಕೋಣೆ ಸಿಗಲಿಲ್ಲ. ಹೊಸ ಒಡೆಯನ ಭಯ ಎಲ್ಲರ ಬಾಯನ್ನೂ ಬಾಗಿಲನ್ನೂ ಮುಚ್ಚಿಸಿತ್ತು.

ಆಗ ಬಾಗಿಲು ತೆರೆದವರು ಯಾರು? ತಂದೆಯ ಅರಮನೆ ಬಹುದೂರ. ತಾಯಿ ಮಣ್ಣಾಗಿ ಹದಿನಾಲ್ಕು ವರ್ಷ. ಆಕೆಯ ಕಷ್ಟವನ್ನು ಕೇಳಿ ಕರೆಸಿಕೊಂಡವಳು ತಾಯಿಯ ಸೋದರಿ ಮೆಖ್ತಿಲ್ಡ್. ಕಿಟ್ಸಿಂಗೆನ್‌ನ ಬೆನೆಡಿಕ್ಟಿನ್ ಕನ್ಯಾಮಠದ ಮಠಾಧ್ಯಕ್ಷೆ ಆಕೆ. ಮದುವೆಯಾಗದ, ಮಕ್ಕಳಿಲ್ಲದ ಆ ಸನ್ಯಾಸಿನಿ ತಂಗಾಳಿಯಂತೆ ಬಂದು ಸೋದರಿಯ ಮಗಳ ಬೆನ್ನಿಗೆ ನಿಂತಳು. ಅದೇ ಮಠದಲ್ಲಿ ಒಂದು ಕಾಲಕ್ಕೆ ಓದಿ ಬೆಳೆದವಳು ಇನ್ನೊಬ್ಬ ಸೋದರಿ, ಎಲಿಜಬೆತಳ ದೊಡ್ಡಮ್ಮ, ಸೈಲೀಸಿಯಾದ ಹೆಡ್ವಿಗ್. ಆಕೆಯನ್ನು ನಾವು ಇಂದು ಸಂತ ಹೆಡ್ವಿಗ್ ಎಂದು ಗೌರವಿಸುತ್ತೇವೆ.

ಸೋದರಮಾವ ಬಾಂಬರ್ಗಿನ ಧರ್ಮಾಧ್ಯಕ್ಷ ಎಕ್ಬರ್ಟ್ ಇರಲು ಒಂದು ಕೋಟೆಯನ್ನೇ ಕೊಟ್ಟರು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಮರುಮದುವೆ. ಎಲಿಜಬೆತಳು ಒಪ್ಪಲಿಲ್ಲ. ಲುಡ್ವಿಗನ ಅಸ್ಥಿಗಳು ಇಟಲಿಯಿಂದ ಬಂದಾಗ ಅವುಗಳ ಮುಂದೆ ಮೊಣಕಾಲೂರಿ, ಲೋಕವನ್ನೇ ಕೊಟ್ಟಾದರೂ ಅವನನ್ನು ಮರಳಿ ಪಡೆಯುತ್ತಿದ್ದೆ, ಆದರೆ ದೇವರ ಚಿತ್ತಕ್ಕೆ ವಿರುದ್ಧವಾಗಿ ಒಂದು ಕೂದಲನ್ನೂ ಬೇಡುವುದಿಲ್ಲ ಎಂಬರ್ಥದಲ್ಲಿ ಪ್ರಾರ್ಥಿಸಿದಳು.

ಮಾರ್ಬುರ್ಗಿನ ಮೂರು ವರ್ಷ

1228ರ ಶುಭ ಶುಕ್ರವಾರದಂದು ಐಸೆನಾಖ್‌ನ ಫ್ರಾನ್ಸಿಸ್ಕನ್ ಪ್ರಾರ್ಥನಾಲಯದಲ್ಲಿ ಪೀಠದ ಮೇಲೆ ಕೈಯಿಟ್ಟು ತನ್ನ ಇಚ್ಛೆಯನ್ನೂ ಲೋಕದ ವೈಭವವನ್ನೂ ತ್ಯಜಿಸಿದಳು. ಅದೇ ವರ್ಷ ಮಾರ್ಬುರ್ಗಿಗೆ ಹೋಗಿ, ತನ್ನ ಪಾಲಿಗೆ ಬಂದ ಹಣದಲ್ಲಿ ಸಂತ ಫ್ರಾನ್ಸಿಸರ ಹೆಸರಿನಲ್ಲಿ ಆಸ್ಪತ್ರೆ ಕಟ್ಟಿಸಿದಳು. ಫ್ರಾನ್ಸಿಸರು ತೀರಿಕೊಂಡು ಎರಡೇ ವರ್ಷವಾಗಿತ್ತು.

ಈ ಮೂರು ವರ್ಷಗಳ ಕತೆ ಸುಲಭದ್ದಲ್ಲ. ಆತ್ಮಗುರು ಕೊನ್ರಾಡ್ ಬಹಳ ಕಠಿಣ ಮನುಷ್ಯ. ಬಾಲ್ಯದ ಗೆಳತಿ ಗುಡಾಳನ್ನೂ ಅವರು ಆಕೆಯಿಂದ ದೂರ ಕಳುಹಿಸಿದರು. ದಂಡನೆಗಳೂ ಕಠೋರವಾಗಿದ್ದವು. ಅವನ್ನು ಇಂದು ಓದಿದರೆ ನಮ್ಮ ಮನಸ್ಸು ನೋಯುತ್ತದೆ, ನೋಯಬೇಕು ಕೂಡ. ಆಕೆ ಸಂತಳಾದದ್ದು ಆ ಹೊಡೆತಗಳಿಂದಲ್ಲ; ಅವುಗಳ ನಡುವೆಯೂ ಆರದ ಪ್ರೀತಿಯಿಂದ.

ಇನ್ನೂ ದೊಡ್ಡ ನೋವು ಮಕ್ಕಳದ್ದು. ರಾಜವಂಶದ ಮಕ್ಕಳನ್ನು ಬಡತನದ ವ್ರತ ಹಿಡಿದ ತಾಯಿಯ ಬಳಿ ಬಿಡುವಂತಿರಲಿಲ್ಲ. ಮೂವರೂ ಬೇರೆಯವರ ಕೈಯಲ್ಲಿ ಬೆಳೆಯಬೇಕಾಯಿತು. ಕೊನೆಯವಳು ಗೆರ್ಟ್ರೂಡ್ ಇನ್ನೂ ಹಸುಳೆ. ಅವಳನ್ನು ಆಲ್ಟೆನ್‌ಬರ್ಗ್‌ನ ಕನ್ಯಾಮಠಕ್ಕೆ ಒಪ್ಪಿಸಿದಳು. ಆ ಮಠದಿಂದ ಬರುತ್ತಿದ್ದ ಉಣ್ಣೆಯನ್ನು ನೂತು ಕೂಲಿ ಪಡೆದು ಎಲಿಜಬೆತಳು ಜೀವನ ಸಾಗಿಸುತ್ತಿದ್ದಳು. ತಂದೆ ಕಳುಹಿಸಿದ ಹಂಗೇರಿಯ ಶ್ರೀಮಂತನೊಬ್ಬನು ದೊರೆಯ ಮಗಳು ಉಣ್ಣೆ ನೂಲುತ್ತ ಕುಳಿತದ್ದನ್ನು ಕಂಡು ಬೆರಗಾಗಿ, ಮರಳಿ ಬರುವಂತೆ ಬೇಡಿದನು. ಆಕೆ ಹೋಗಲಿಲ್ಲ. ಮಗಳಿದ್ದ ಮಠದ ಉಣ್ಣೆ ಬೆರಳುಗಳ ನಡುವೆ ಹಾದುಹೋಗುವಾಗ ಆ ತಾಯಿಯ ಮನಸ್ಸಿನಲ್ಲಿ ಏನಿತ್ತೋ, ಬಲ್ಲವರು ತಾಯಂದಿರೇ.

1231ರ ನವೆಂಬರ್ 17ರಂದು, ಬೆಳಗಾಗುವ ಮುನ್ನ, ಆಕೆ ತೀರಿಕೊಂಡಳು. ನಾಲ್ಕು ವರ್ಷ ಕಳೆಯುವುದರೊಳಗೆ, 1235ರ ಮೇ 27ರ ಪಂಚಾಶತ್ತಮ ಹಬ್ಬದಂದು, ಜಗದ್ಗುರು ಒಂಬತ್ತನೆಯ ಗ್ರೆಗೊರಿಯವರು ಆಕೆಯನ್ನು ಸಂತಳೆಂದು ಘೋಷಿಸಿದರು.

ಹೆಸರು ಹೊತ್ತ ಮೊಮ್ಮಗಳು

ಈಗ ಕತೆ ಜರ್ಮನಿಯಿಂದ ಸ್ಪೇನಿಗೆ ಹೋಗುತ್ತದೆ. ಹಂಗೇರಿಯ ದೊರೆ ಆಂಡ್ರ್ಯೂ, ರಾಣಿ ಗೆರ್ಟ್ರೂಡ್ ಕೊಲೆಯಾದ ಮೇಲೆ ಮತ್ತೆ ಮದುವೆಯಾಗಿದ್ದನು. ಆ ಎರಡನೆಯ ಮದುವೆಯ ಮಗಳು ಯೊಲಾಂಡ, ಎಲಿಜಬೆತಳ ಮಲತಂಗಿ. ಅಕ್ಕ ಹಂಗೇರಿಯನ್ನು ಬಿಟ್ಟು ಹೋದಾಗ ಈ ತಂಗಿ ಹುಟ್ಟಿಯೇ ಇರಲಿಲ್ಲ. ಅಕ್ಕ ಸಂತಳೆಂದು ಘೋಷಿತಳಾದ ಅದೇ 1235ರಲ್ಲಿ ಯೊಲಾಂಡಳು ಅರಗಾನ್ ದೊರೆ ಮೊದಲನೆಯ ಜೇಮ್ಸ್‌ನ ಮಡದಿಯಾಗಿ ಬಾರ್ಸಿಲೋನಾಗೆ ಬಂದಳು. ತವರಿನಿಂದ ಬಂದ ವಧು ತನ್ನ ಜೊತೆಯಲ್ಲಿ ಸಂತಳ ತಂಗಿಯೆಂಬ ಹೆಸರನ್ನೂ ತಂದಳು. 1251ರಲ್ಲಿ ಅವಳೂ ತೀರಿಕೊಂಡಳು.

ಇಪ್ಪತ್ತು ವರ್ಷಗಳ ನಂತರ, 1271ರಲ್ಲಿ, ಯೊಲಾಂಡಳ ಮಗ ಪೆದ್ರೋಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ಇಟ್ಟ ಹೆಸರು ತಂದೆಯ ದೊಡ್ಡಮ್ಮನದ್ದು: ಎಲಿಜಬೆತ್. ಆ ನಾಡಿನ ನುಡಿಯಲ್ಲಿ ಇಸಬೆಲ್. ನಮ್ಮ ಕರಾವಳಿಯ ಮನೆಗಳಲ್ಲಿ ಪೋರ್ಚುಗೀಸರ ಕಾಲದಿಂದ ಕೇಳಿಬರುವ ಇಸಬೆಲ್ ಎಂಬ ಹೆಸರೂ ಇದೇ ಎಲಿಜಬೆತ್. ಗಮನಿಸಿ: ಆ ಮಗು ದೊಡ್ಡಜ್ಜಿಯನ್ನು ನೋಡಲಿಲ್ಲ. ದೊಡ್ಡಜ್ಜಿಯ ಸುದ್ದಿ ತಂದ ಅಜ್ಜಿಯನ್ನೂ ನೋಡಲಿಲ್ಲ. ಅವಳ ಕೈಗೆ ಬಂದದ್ದು ಒಂದು ಹೆಸರು ಮತ್ತು ಆ ಹೆಸರಿನ ಹಿಂದಿನ ಕತೆ, ಅಷ್ಟೇ.

ಅಷ್ಟು ಸಾಕಾಯಿತು. ಇಸಬೆಲಳು 1282ರಲ್ಲಿ, ಇನ್ನೂ ಬಾಲೆಯಾಗಿದ್ದಾಗಲೇ, ಪೋರ್ಚುಗಲ್ ದೊರೆ ದಿನೀಸ್‌ನ ರಾಣಿಯಾದಳು. ದೊಡ್ಡಜ್ಜಿಗೆ ಸಿಕ್ಕಂಥ ಗಂಡ ಅವಳಿಗೆ ಸಿಗಲಿಲ್ಲ. ದಿನೀಸನಿಗೆ ಬೇರೆ ಹೆಂಗಸರಲ್ಲಿ ಮಕ್ಕಳಿದ್ದರು. ಆ ಮಕ್ಕಳನ್ನೂ ಇಸಬೆಲಳು ತನ್ನವರಂತೆ ನೋಡಿಕೊಂಡಳು. ದೊಡ್ಡಜ್ಜಿಯಂತೆಯೇ ಹೆರದ ಮಕ್ಕಳಿಗೂ ತಾಯಿಯಾದಳು. ತಂದೆಯ ಮೇಲೆ ಮಗ ಅಫೋನ್ಸೋ ಕತ್ತಿ ಎತ್ತಿದಾಗ ಎರಡು ಸೇನೆಗಳ ನಡುವೆ ಹೋಗಿ ನಿಂತು ಯುದ್ಧ ತಪ್ಪಿಸಿದಳೆಂದು ಪೋರ್ಚುಗಲ್ ಇಂದಿಗೂ ನೆನೆಯುತ್ತದೆ.

1325ರಲ್ಲಿ ಗಂಡ ತೀರಿಕೊಂಡ ಮೇಲೆ ಅವಳು ಕೊಯಿಂಬ್ರಾದಲ್ಲಿ ತಾನೇ ಬೆಳೆಸಿದ ಸಂತ ಕ್ಲಾರಾ ಕನ್ಯಾಮಠದ ಪಕ್ಕದಲ್ಲಿ, ಫ್ರಾನ್ಸಿಸರ ಮೂರನೆಯ ಸಭೆಯವಳಾಗಿ ಬಾಳಿದಳು. ಮಠದ ಬಳಿ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿದ್ದಳು. ಅದಕ್ಕೆ ಯಾರ ಹೆಸರಿಟ್ಟಳು ಗೊತ್ತೇ? ಹಂಗೇರಿಯ ಸಂತ ಎಲಿಜಬೆತಳ ಹೆಸರು. ದೊಡ್ಡಜ್ಜಿಯಿಂದ ಪಡೆದ ಹೆಸರನ್ನು ಮೊಮ್ಮಗಳು ಹೀಗೆ ಬಡವರ ಬಾಗಿಲ ಮೇಲೆ ಬರೆಸಿದಳು.

1336ರ ಬೇಸಿಗೆಯಲ್ಲಿ ಅವಳ ಮಗನಿಗೂ ಮಗಳ ಮಗನಾದ ಕ್ಯಾಸ್ಟೀಲ್ ದೊರೆಗೂ ಯುದ್ಧ ಹೊತ್ತಿಕೊಂಡಿತು. 65ರ ಮುದುಕಿ ಸುಡುಬಿಸಿಲಿನಲ್ಲಿ ಸಂಧಾನಕ್ಕೆಂದು ಎಸ್ತ್ರೆಮೋಸ್‌ಗೆ ಹೊರಟಳು. ಅಲ್ಲಿಯೇ ಜುಲೈ 4ರಂದು ತೀರಿಕೊಂಡಳು. 1625ರಲ್ಲಿ ಜಗದ್ಗುರು ಎಂಟನೆಯ ಅರ್ಬನ್ ಅವರು ಈ ಎಲಿಜಬೆತಳನ್ನೂ ಸಂತಳೆಂದು ಸಾರಿದರು.

ಆ ಗುಲಾಬಿಗಳ ನೆನಪಿದೆಯೇ? ಸೆರಗಿನಲ್ಲಿ ಬಡವರಿಗೆಂದು ಒಯ್ಯುತ್ತಿದ್ದುದು ಗುಲಾಬಿಗಳಾದ ಕತೆಯನ್ನು ಪೋರ್ಚುಗಲ್‌ನಲ್ಲಿ ಇಸಬೆಲಳ ಬಗ್ಗೆಯೂ ಹೇಳುತ್ತಾರೆ. ನಿಜವಾಗಿ ಯಾರದು ಎಂದು ಪಂಡಿತರು ಚರ್ಚಿಸಲಿ. ದೊಡ್ಡ ಮನೆಗಳಲ್ಲಿ ದೊಡ್ಡಜ್ಜಿಯ ಮೂಗು ಮೊಮ್ಮಗಳಿಗೆ ಬಂದಿದೆ, ನಡಿಗೆ ಬಂದಿದೆ ಎನ್ನುವುದಿಲ್ಲವೇ? ಈ ಮನೆಯಲ್ಲಿ ದೊಡ್ಡಜ್ಜಿಯ ಗುಲಾಬಿಗಳು ಮೊಮ್ಮಗಳಿಗೆ ಬಂದವು.

ಇದು ಒಬ್ಬ ಮೊಮ್ಮಗಳಿಗೆ ನಿಂತ ಮಾತಲ್ಲ. ಎಲಿಜಬೆತಳ ಅಣ್ಣ, ದೊರೆ ನಾಲ್ಕನೆಯ ಬೇಲನ ಹೆಣ್ಣುಮಕ್ಕಳಿಗೆ ಆಕೆ ಸೋದರತ್ತೆ. ಸಂತ ಹೆಡ್ವಿಗ್ ಚಿಕ್ಕಜ್ಜಿಯೋ ದೊಡ್ಡಜ್ಜಿಯೋ ಆಗಬೇಕು. ಅವರಲ್ಲಿ ಪೋಲೆಂಡಿನ ಡಚೆಸ್ ಆಗಿದ್ದು ಕೊನೆಗೆ ಕ್ಲಾರಾ ಸಭೆ ಸೇರಿದ ಕಿಂಗಾಳನ್ನು 1999ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು, ಡ್ಯಾನ್ಯೂಬ್ ನದಿಯ ದ್ವೀಪದ ಮಠದಲ್ಲಿ ರೋಗಿಗಳ ಸೇವೆ ಮಾಡಿ 28ನೆಯ ವಯಸ್ಸಿಗೆ ತೀರಿಕೊಂಡ ಮಾರ್ಗರೆಟಳನ್ನು 1943ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್ ಅವರು ಸಂತರ ಸಾಲಿಗೆ ಸೇರಿಸಿದರು. ಹಸುಳೆಯಾಗಿದ್ದಾಗಲೇ ಮಠ ಸೇರಿದ ಎಲಿಜಬೆತಳ ಮಗಳು ಗೆರ್ಟ್ರೂಡ್ ಅದೇ ಆಲ್ಟೆನ್‌ಬರ್ಗ್ ಮಠದ ಮುಖ್ಯಸ್ಥೆಯಾಗಿ 1297ರವರೆಗೆ ಬಾಳಿದಳು. ಆಕೆಯನ್ನು ಪುನೀತೆಯೆಂದು ಗೌರವಿಸುತ್ತಾರೆ. ಒಂದೇ ಮನೆಯ ಹೆಂಗಸರಲ್ಲಿ ವಿಶ್ವಾಸವು ತಾಯಿಯಿಂದ ಮಗಳಿಗೆ ನೇರವಾಗಿ ಮಾತ್ರ ಇಳಿಯಲಿಲ್ಲ. ಹಬ್ಬಿದ ಬಳ್ಳಿಯಂತೆ ಅಡ್ಡಡ್ಡವಾಗಿ, ಅತ್ತೆಯಿಂದ ಸೊಸೆಗೆ, ದೊಡ್ಡಮ್ಮನಿಂದ ತಂಗಿಯ ಮಗಳಿಗೆ, ದೊಡ್ಡಜ್ಜಿಯಿಂದ ಮೊಮ್ಮಗಳಿಗೆ ಹರಿಯಿತು.

ನಮ್ಮ ಮನೆಗಳಲ್ಲಿ

ಓದುಗರೇ, ಇಂದು ನಮ್ಮ ಮನೆಗಳು ಚಿಕ್ಕವಾಗಿವೆ. ಮಕ್ಕಳು ಒಬ್ಬರೋ ಇಬ್ಬರೋ. ಅಜ್ಜಿಯನ್ನೇ ವರ್ಷಕ್ಕೊಮ್ಮೆ ನೋಡುವ ಮಕ್ಕಳಿಗೆ ಅಜ್ಜಿಯ ಅಕ್ಕ ಯಾರೆಂದು ತಿಳಿಯುವುದು ಹೇಗೆ? ಮದುವೆಯಾಗದೆ ಉಳಿದ, ಗಂಡನನ್ನು ಕಳೆದುಕೊಂಡು ತವರಿಗೆ ಬಂದ, ಮಠ ಸೇರಿ ದೂರದ ಊರಿನಲ್ಲಿ ದುಡಿದ ಆ ಹಿರಿಯರನ್ನು ನಾವು ಕೆಲವೊಮ್ಮೆ ಮನೆಗೆ ಭಾರವೆಂದು ಎಣಿಸಿದ್ದೂ ಉಂಟು. ಐಸೆನಾಖ್‌ನ ಜನರಂತೆ ನಾವೂ ಅನ್ನ ತಿಂದ ಕೈಯನ್ನು ಮರೆತು ಬಾಗಿಲು ಹಾಕಿಕೊಂಡಿದ್ದೇವೆ.

ಆದ್ದರಿಂದ ಒಂದು ಸಣ್ಣ ಕೆಲಸ ಮಾಡಿ. ನವೆಂಬರ್ 17 ಸಂತ ಎಲಿಜಬೆತಳ ಹಬ್ಬ. ಅಂದು ಸಂಜೆಯ ಜಪಸರದ ನಂತರ ಆ ಹಳೆಯ ಫೋಟೋವನ್ನು ಗೋಡೆಯಿಂದ ಇಳಿಸಿ ಮಕ್ಕಳ ಮುಂದೆ ಇಡಿ. ತುದಿಯಲ್ಲಿ ನಿಂತವಳ ಹೆಸರು ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಫೋಟೋದ ಹಿಂಬದಿಯಲ್ಲಿ ಬರೆದಿಡಿ. ಆಕೆ ಇನ್ನೂ ಬದುಕಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ ಆಶೀರ್ವಾದ ಪಡೆಯಿರಿ. ತೀರಿಕೊಂಡಿದ್ದರೆ ಆಕೆಯ ಆತ್ಮಕ್ಕಾಗಿ ಒಂದು ಬಲಿಪೂಜೆ ಒಪ್ಪಿಸಿ.

ಮುಂದೆ ನಿಮ್ಮ ಮನೆಯಲ್ಲಿ ಮಗು ಹುಟ್ಟಿ, ಹೆಸರು ಹುಡುಕುವ ದಿನ ಬಂದಾಗ ಆ ಫೋಟೋದ ಹಿಂಬದಿಯನ್ನೂ ಒಮ್ಮೆ ನೋಡಿ. ಅಲ್ಲಿ ಬರೆದಿಟ್ಟ ಒಂದು ಹೆಸರು ಯಾವ ಮಗುವನ್ನು ಎಲ್ಲಿಗೆ ಕರೆದೊಯ್ಯುವುದೋ, ದೇವರೇ ಬಲ್ಲನು.